ಐದು ವರ್ಷ ಕಾರ್ಬನ್ ಫೈಬರ್ ದೋಟಿ ಹಿಡಿದ ಮೇಲೆ

ನಮ್ಮದು ಸುಳ್ಯ ತಾಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ, ಸುಮಾರು 1,100 ಮರ. ಮಾವ ನೆಟ್ಟ ಹಳೆ ಸಾಲುಗಳು 60 ಅಡಿಗೆ ಬಂದಿವೆ. ನಾನು ಈ ಮನೆಗೆ ಬಂದ ಮೇಲೆ ನೆಟ್ಟ ಮಂಗಳ ತಳಿಯವು 35-40 ಅಡಿ. ಯಜಮಾನರಿಗೆ ಪೇಟೆಯಲ್ಲಿ ಕೆಲಸ, ತೋಟ ನೋಡಿಕೊಳ್ಳುವುದು ನಾನು. ನೆಲದ ಮೇಲೇ ನಿಂತು ಗೊನೆ ಕೊಯ್ಯಲು, ಮದ್ದು ಸಿಂಪಡಿಸಲು 60 ಅಡಿಯ ಕಾರ್ಬನ್ ಫೈಬರ್ ದೋಟಿಯನ್ನು, ಅಂದರೆ ಉದ್ದದ ಕೋಲನ್ನು, 2020ರ ನವೆಂಬರಿನಲ್ಲಿ 78,000 ರೂಪಾಯಿ ಕೊಟ್ಟು ತಂದೆ. ಅಂದಿನಿಂದ ಐದು ಕೊಯ್ಲು, ಐದು ಮಳೆಗಾಲ ಕಳೆದಿವೆ. ಕೊಳ್ಳಬೇಕೋ ಬೇಡವೋ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಅಂಗಡಿಯಲ್ಲಿ ಹೇಳದ ವಿಷಯಗಳು ಕೆಲವಿವೆ, ಅವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕೊಳ್ಳುವ ಯೋಚನೆ ಬಂದದ್ದು ಕೊಳೆರೋಗದಿಂದ, ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ. 2018ರ ಆಗಸ್ಟಿನ ಮಳೆಯನ್ನು ನಮ್ಮ ಕಡೆಯ ಯಾರೂ ಮರೆಯಲಾರರು. ಘಟ್ಟದ ಮೇಲೆ ಕೊಡಗಿನಲ್ಲಿ ಗುಡ್ಡ ಜರಿದ ಮಳೆ ಅದು. ಎರಡನೇ ಸಲದ ಮದ್ದು ಬಿಡಲು ಜುಲೈಯಲ್ಲಿ ನಾಲ್ಕು ದಿನ ಬಿಸಿಲು ಸಿಕ್ಕಿತ್ತು. ಆ ನಾಲ್ಕು ದಿನವೂ ಮರ ಹತ್ತುವವರು ಬೇರೆಯವರ ತೋಟದಲ್ಲಿದ್ದರು. ಅವರದ್ದೇನೂ ತಪ್ಪಿಲ್ಲ. ಊರಿಗೆಲ್ಲ ಇದ್ದವರು ಮೂರೇ ಜನ, ಎಲ್ಲರಿಗೂ ಬೇಕಾದದ್ದು ಅದೇ ನಾಲ್ಕು ದಿನ. ಆಮೇಲೆ ಮಳೆ ಬಿಡಲೇ ಇಲ್ಲ. ಬೆಳಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ಹಸಿರು ಕಾಯಿ ರಾಶಿ ಬಿದ್ದಿರುತ್ತಿತ್ತು, ತೊಟ್ಟಿನ ಹತ್ತಿರ ಬಿಳಿ ಬೂಷ್ಟು. ಅರ್ಧಕ್ಕರ್ಧ ಬೆಳೆ ಹೋಯಿತು. ಮುಂದಿನ ವರ್ಷವೂ ಹಾಗೇ ಕಾದೆವು. 2020ರಲ್ಲಿ ಲಾಕ್‌ಡೌನ್ ಆಗಿ ಬರುವವರೂ ಬರಲಿಲ್ಲ.

ನಮ್ಮ ಮರಗಳನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಹತ್ತಿದ ಅಣ್ಣ ಒಬ್ಬರಿದ್ದಾರೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಒಂದು ಮರ ಹತ್ತಿದರೆ, ಅಲ್ಲಿಂದಲೇ ಮರವನ್ನು ತೂಗಿ ಪಕ್ಕದ ಮರ ಹಿಡಿದು, ಹೀಗೆ ಹತ್ತಿಪ್ಪತ್ತು ಮರ ಮುಗಿಸಿಯೇ ಕೆಳಗಿಳಿಯುತ್ತಿದ್ದರು. ಆ ವರ್ಷ ದಸರಾ ಕಳೆದ ಮೇಲೆ ಅಂಗಳಕ್ಕೆ ಬಂದು ಕೂತು, "ಅಕ್ಕ, ಇನ್ನು ನನ್ನಿಂದ ಆಗುದಿಲ್ಲ. ಗಂಟು ಕೇಳುದಿಲ್ಲ. ಮಗನನ್ನು ಈ ಕೆಲಸಕ್ಕೆ ಹಾಕ್ಲಿಕ್ಕೆ ನನಗೆ ಮನಸ್ಸಿಲ್ಲ" ಎಂದರು. ಅವರ ಅಣ್ಣನೇ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದದ್ದನ್ನು ನಾನು ಕಂಡಿದ್ದೆ. ಒಂದು ಮಾತೂ ಎದುರಾಡಲಿಲ್ಲ. ಆ ರಾತ್ರಿಯೇ ದೋಟಿ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆ.

ದೋಟಿ ನಮಗೆ ಹೊಸತಲ್ಲ. ಹಲಸು, ಮಾವು ಕೊಯ್ಯಲು ಬಿದಿರಿನ ದೋಟಿ ಪ್ರತಿ ಮನೆಯ ಮಾಡಿನಡಿಯಲ್ಲೂ ಇರುತ್ತದೆ. ಬಿದಿರು ಇಪ್ಪತ್ತು ಅಡಿ ದಾಟಿದರೆ ಭಾರ, ಅಲ್ಯೂಮಿನಿಯಂ ಉದ್ದವಾದಷ್ಟೂ ಬಾಗುತ್ತದೆ. ಕಾರ್ಬನ್ ಫೈಬರ್ ಹಗುರ, ಬಾಗುವುದೂ ಕಡಿಮೆ. ವಿಮಾನದ ಭಾಗಗಳಿಗೆ ಬಳಸುವ ವಸ್ತು ಅದು. ಒಂದರೊಳಗೊಂದು ಕೂರುವ ಕೊಳವೆಗಳು, ಪ್ರತಿ ಗಂಟಿಗೂ ಒಂದು ಲಾಕ್. ಮೇಲಿನಿಂದ ಶುರುಮಾಡಿ ಒಂದೊಂದೇ ಎಳೆದು ಲಾಕ್ ಮಾಡುತ್ತ ಬರಬೇಕು. ತುದಿಗೆ ಕೊಯ್ಲಿಗಾದರೆ ಕತ್ತಿ, ಮದ್ದಿಗಾದರೆ ನೋಸಲ್. ಪೂರ್ತಿ ಎಳೆದರೂ ನನ್ನದು ಐದು ಕಿಲೋ ಒಳಗೇ. ಆದರೆ ಐದು ಕಿಲೋ ಅಕ್ಕಿ ಎತ್ತುವುದಕ್ಕೂ 60 ಅಡಿ ಉದ್ದದ ಐದು ಕಿಲೋವನ್ನು ನೆಟ್ಟಗೆ ನಿಲ್ಲಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲ ವಾರ ರಾತ್ರಿ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ತೋಳಿಗಿಂತ ಕುತ್ತಿಗೆಗೇ ಹೆಚ್ಚು ಕಷ್ಟ, ದಿನವಿಡೀ ಮುಖ ಆಕಾಶಕ್ಕೆ ಮಾಡಿರಬೇಕಲ್ಲ. ಈಗ ಅರ್ಧ ಗಂಟೆಗೊಮ್ಮೆ ಕೈ ಬದಲಿಸುತ್ತೇವೆ. ಒಬ್ಬರೇ ಇಡೀ ದಿನ ಮಾಡುವ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೊಯ್ಲಿನಲ್ಲಿ ಕಲಿಯಬೇಕಾದದ್ದು ಎರಡು. ಮೊದಲನೆಯದು ನಿಲ್ಲುವ ಜಾಗ. ಗೊನೆಯ ನೇರ ಕೆಳಗೆ ನಿಂತು ಎಳೆದರೆ ಅದು ನಿಮ್ಮ ಮೇಲೆಯೇ ಬೀಳುತ್ತದೆ. ಬುಡದಿಂದ ಐದಾರು ಅಡಿ ದೂರ, ಇಳಿಜಾರಿನ ಮೇಲ್ಬದಿಗೆ ನಿಲ್ಲಬೇಕು. ಹೆಲ್ಮೆಟ್ ಹಾಕಲೇಬೇಕು. ಕಣ್ಣಿಗೆ ಕನ್ನಡಕವೂ ಬೇಕು, ಸೋಗೆಯ ಸಂದಿಯ ದೂಳು, ಒಣಗಿದ ಹೂವು, ಕೆಂಪಿರುವೆ ಎಲ್ಲ ಸುರಿಯುತ್ತವೆ. ಎರಡನೆಯದು ಹಣ್ಣು ಗುರುತಿಸುವುದು. ಮರ ಹತ್ತಿದವರಿಗೆ ಗೊನೆ ಕಣ್ಣೆದುರಿಗೇ ಇರುತ್ತದೆ. ಕೆಳಗಿನವರಿಗೆ ಕಾಣುವುದು ಬೆಳಕಿಗೆ ಕಪ್ಪಾದ ಒಂದು ಗೊಂಚಲು. ಮೊದಲ ವರ್ಷ ನಾನು ಎಷ್ಟೋ ಎಳೆ ಗೊನೆಗಳನ್ನು ಕೊಯ್ದು ಹಾಳು ಮಾಡಿದೆ.

ಅದನ್ನು ಕಲಿಸಿಕೊಟ್ಟವರು ಆ ಅಣ್ಣನೇ. ದೋಟಿ ತಂದ ವಾರ ಅವರನ್ನು ಕರೆಸಿ, "ಹತ್ತುವುದು ಬೇಡ, ನೋಡಿ ಹೇಳಿ ಸಾಕು" ಎಂದೆ. ಅವರು ಮರದ ಸುತ್ತ ಒಂದು ಸುತ್ತು ಬಂದು ಸೂರ್ಯನಿಗೆ ಬೆನ್ನು ಹಾಕಿ ನಿಂತರು. "ಅಡಿಯ ಗೊನೆ ನೋಡಿ ಅಕ್ಕ. ಅದರ ತುದಿಯಲ್ಲಿ ನಾಲ್ಕು ಕಾಯಿ ಕೆಂಪಾದ್ರೆ ಒಳಗೆ ಅರ್ಧ ಹಣ್ಣಾಗಿದೆ ಅಂತ ಲೆಕ್ಕ. ಕತ್ತಿಯ ಬೆನ್ನಿಂದ ಒಂದು ಪೆಟ್ಟು ಕೊಡಿ, ಒಂದೆರಡು ಉದುರಿದ್ರೆ ಕೊಯ್ಯಿ." ನಾನು ಕತ್ತಿಯ ಬೆನ್ನಿನಿಂದ ಮೆಲ್ಲನೆ ತಟ್ಟಿದೆ. ಎರಡು ಹಣ್ಣಡಿಕೆ ಪಟಪಟನೆ ನೆಲದಲ್ಲಿದ್ದ ಅಡಿಕೆ ಹಾಳೆಯ ಮೇಲೆ ಬಿದ್ದವು. ಕತ್ತಿಯನ್ನು ಗೊನೆಯ ಬುಡಕ್ಕೆ ಸಿಕ್ಕಿಸಿ ಒಂದೇ ಜಗ್ಗಿಗೆ ಎಳೆದೆ. ಆ ಗೊನೆ ಬಿದ್ದ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಮೂವತ್ತು ವರ್ಷ ಅಡಿಕೆ ಹೆಕ್ಕಿದ್ದೇನೆ, ಒಣಗಿಸಿದ್ದೇನೆ, ಸುಲಿಸಿದ್ದೇನೆ. ನನ್ನ ಕೈಯಿಂದ ಕೊಯ್ದ ಮೊದಲ ಗೊನೆ ಅದು.

ಅಂದಿನಿಂದ ಅಣ್ಣ ದೋಟಿ ಹಿಡಿಯುವ ಕೆಲಸಕ್ಕೇ ಬರುತ್ತಾರೆ, ಹಿಂದಿನ ಸಂಬಳಕ್ಕೇ. ಹೀಗಾಗಿ ಕೂಲಿ ಉಳಿಯುತ್ತದೆಂಬ ಲೆಕ್ಕ ನನ್ನ ತೋಟದಲ್ಲಿ ಸರಿಯಾಗಲಿಲ್ಲ, ಅದರಿಂದ ನನಗೆ ಬೇಸರವೂ ಇಲ್ಲ. ಮರದ ಮೇಲಿನ ಅವರ ಕಣ್ಣಿಗೆ ನಾನು ಕೊಡುವ ಸಂಬಳ ಅದು. ಕೊಯ್ದ ಗೊನೆ ಅಷ್ಟು ಎತ್ತರದಿಂದ ಬಿದ್ದು ಕಾಯಿ ಚೆದುರುವುದರಿಂದ ಹೆಕ್ಕುವವರು ಒಬ್ಬರು ಜಾಸ್ತಿ ಬೇಕು. ನಾವು ಮಾಡುವುದು ಚಾಲಿ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆಯೊಂದಿಗೇ ಒಣಗಿಸಿ ಆಮೇಲೆ ಸುಲಿಯುವುದು, ಹಾಗಾಗಿ ಬಿದ್ದ ಪೆಟ್ಟಿನಿಂದ ಅಷ್ಟೇನೂ ನಷ್ಟವಿಲ್ಲ. ಘಟ್ಟದ ಮೇಲೆ ಹಸಿ ಅಡಿಕೆ ಸುಲಿದು ಬೇಯಿಸುವವರು ಕೆಳಗೆ ಬಲೆ ಹಿಡಿಯುವುದು ಒಳ್ಳೆಯದು.

ನನ್ನ ದುಡ್ಡು ಹುಟ್ಟಿದ್ದು ಮಳೆಗಾಲದಲ್ಲಿ, ಕೊಳೆರೋಗಕ್ಕೆ ಮದ್ದು ಬಿಡುವುದರಲ್ಲಿ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲೇ ಅದರ ಬಗ್ಗೆ ಬರೆದಿದ್ದರು. ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಹೊಡೆಯುತ್ತಿದ್ದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೆ ಬಂದದ್ದು ಆ ಕಾಲದಲ್ಲಿ. ನೂರು ವರ್ಷಕ್ಕೂ ಮೇಲಾಯಿತು, ಮದ್ದು ಇಂದಿಗೂ ಅದೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಆಮೇಲೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಈ ಪರೀಕ್ಷೆ ನಾನು ಯಾರ ಕೈಗೂ ಬಿಡುವುದಿಲ್ಲ.

ಮದ್ದು ಗೊತ್ತಿದ್ದೂ ಬೆಳೆ ಹೋಗುತ್ತಿದ್ದುದು ಅದನ್ನು ಸರಿಯಾದ ದಿನ ಮೇಲಕ್ಕೆ ಮುಟ್ಟಿಸಲು ಆಗದ್ದರಿಂದ. ಮೊದಲ ಸಲ ಮಳೆ ಹಿಡಿಯುವ ಮೊದಲೇ ಬಿಡಬೇಕು, ಅಲ್ಲಿಂದ 40-45 ದಿನಕ್ಕೆ ಎರಡನೆಯದು. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಕಡೆ ಆ ಎರಡನೆಯದಕ್ಕೆ ಬಿಸಿಲು ಯಾವಾಗ ಎಂದು ಯಾರೂ ಹೇಳಲಾರರು. ಮರ ಒದ್ದೆಯಿದ್ದರೆ ಹತ್ತುವವರು ಕಾಲಿಡುವ ಹಾಗಿಲ್ಲ, ಜಾರುತ್ತದೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಕೂತು ಮರ ಹತ್ತುವ ಬೈಕ್ ಮಾಡಿ 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾದರು. ನಮ್ಮವರೇ ಒಬ್ಬರು ಅಂಥದ್ದು ಮಾಡಿದರೆಂದು ನನಗೆ ತುಂಬ ಹೆಮ್ಮೆ. ಆದರೂ ನಾನು ದೋಟಿಯನ್ನೇ ಆರಿಸಿದೆ, ಮರ ಒದ್ದೆಯಿದ್ದರೂ ನಾನು ನಿಲ್ಲುವುದು ನೆಲದ ಮೇಲೆ ಎಂಬ ಕಾರಣಕ್ಕೆ. ಬೆಳಗ್ಗೆ ಹತ್ತಕ್ಕೆ ಮೋಡ ಸರಿದರೆ ಹತ್ತೂವರೆಗೆ ಮೋಟಾರು ಶುರು. ದಿನಕ್ಕೆ 200 ಲೀಟರಿನ ಡ್ರಮ್ ಮೂರು ಮುಗಿಯುತ್ತದೆ. ಹತ್ತುವವರಷ್ಟು ವೇಗ ಇಲ್ಲ. ಮೂರು ದಿನದ ಕೆಲಸಕ್ಕೆ ಐದು ದಿನ ಹಿಡಿಯುತ್ತದೆ, ಆದರೆ ಆ ಐದು ದಿನ ಯಾವುದೆಂದು ನಿರ್ಧರಿಸುವುದು ನಾನು. 2021ರಿಂದ ಇಂದಿನವರೆಗೆ ಎರಡನೇ ಮದ್ದು ಒಮ್ಮೆಯೂ ತಪ್ಪಿಲ್ಲ. ಬುಡದಲ್ಲಿ ಹಸಿರು ರಾಶಿ ಬಿದ್ದದ್ದನ್ನು ಮತ್ತೆ ನೋಡಲಿಲ್ಲ. ಎರಡೇ ಮಳೆಗಾಲದಲ್ಲಿ ದೋಟಿಯ ಹಣ ಬಂತು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ದಯವಿಟ್ಟು ಇದನ್ನು ಎರಡು ಸಲ ಓದಿ. ಫೈಬರ್ ಎಂಬ ಹೆಸರು ಕೇಳಿ ಇದು ಪ್ಲಾಸ್ಟಿಕ್ಕಿನ ಹಾಗೆ, ಶಾಕ್ ಹೊಡೆಯುವುದಿಲ್ಲ ಎಂದು ತಿಳಿದವರು ಬಹಳ ಮಂದಿ. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಬಂದಿವೆ. ಒಂದೊಂದು ಸುದ್ದಿ ಓದಿದಾಗಲೂ ನನ್ನ ಹೊಟ್ಟೆಯೊಳಗೆ ಏನೋ ಆಗುತ್ತದೆ. ನಮ್ಮ ತೋಟದ ತೆಂಕು ಬದಿಯಲ್ಲಿ 11 ಕೆವಿ ಲೈನ್ ಹೋಗುತ್ತದೆ. ದೋಟಿ ಅಡ್ಡ ಬಿದ್ದರೆ ತಂತಿ ಮುಟ್ಟಬಹುದಾದ ಅಷ್ಟೂ ಮರಗಳಿಗೆ ಕೆಂಪು ಪೈಂಟಿನಲ್ಲಿ ಪಟ್ಟಿ ಬಳಿದಿದ್ದೇನೆ, 43 ಮರ. ಆ ಮರಗಳ ಹತ್ತಿರ ದೋಟಿ ಹೋಗುವುದಿಲ್ಲ. ಅವುಗಳ ಅಡಿಕೆ ತಾನಾಗಿ ಉದುರಿದಾಗ ಹೆಕ್ಕುತ್ತೇವೆ. ಕೊಳೆ ಬಂದು ಹೋದರೆ ಹೋಗಲಿ. ಅಳತೆ ಮಾಡುವಾಗ ಮರದಿಂದ ತಂತಿಗೆ ಎಷ್ಟು ದೂರ ಎಂದು ನೋಡಿದರೆ ಸಾಲದು. ಗಾಳಿಗೆ ಕೈತಪ್ಪಿ ಪೂರ್ತಿ 60 ಅಡಿ ಅಡ್ಡ ಬಿದ್ದರೆ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಎತ್ತಿಕೊಂಡೇ ನಡೆಯುವ ಅಭ್ಯಾಸ ಬೇಡ, ಸಾಲು ಬದಲಿಸುವಾಗ ಕೆಳಗಿನ ಕೊಳವೆಗಳನ್ನಾದರೂ ಇಳಿಸಿ. ಗುಡುಗು ಕೇಳಿದರೆ ಆ ಕ್ಷಣವೇ ನೆಲಕ್ಕೆ ಮಲಗಿಸಿ ಮನೆಗೆ ಬನ್ನಿ.

ರಿಪೇರಿಯ ಕಥೆ ಅಷ್ಟು ಚೆನ್ನಾಗಿಲ್ಲ. ಮೂರನೇ ವರ್ಷ ದೋಟಿ ಮುರಕಲ್ಲಿನ ಕಟ್ಟೆಯ ಅಂಚಿಗೆ ಬಡಿದು ನಡುವಿನ ಒಂದು ಕೊಳವೆ ಸೀಳಿತು. ಕಾರ್ಬನ್ ಫೈಬರ್ ಉದ್ದಕ್ಕೆ ಎಷ್ಟು ಗಟ್ಟಿಯೋ ಬದಿಯ ಪೆಟ್ಟಿಗೆ ಅಷ್ಟೇ ಸೂಕ್ಷ್ಮ. ಸೀಳಿದ ಜಾಗವನ್ನು ಬರಿಗೈಯಲ್ಲಿ ಸವರಿ ನೋಡಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಸಿಬಿರುಗಳು ಬೆರಳಿಗೆ ಹೊಕ್ಕು ನಾಲ್ಕು ದಿನ ಉರಿದವು, ನೀವು ಹಾಗೆ ಮಾಡಬೇಡಿ. ಮಾರಿದವರಿಗೆ ಜೂನ್ ಮೊದಲ ವಾರ ಫೋನ್ ಮಾಡಿದರೆ ಕೊಳವೆ ಕೈಗೆ ಬಂದದ್ದು ಜುಲೈ ಕೊನೆಗೆ, ಅದಕ್ಕೆ 6,500 ರೂಪಾಯಿ. ಮಾರುವಾಗ ಮನೆಗೇ ಬಂದು ತೋರಿಸಿದವರು ಮಳೆಗಾಲದ ನಡುವೆ ನಮ್ಮನ್ನು ಏಳು ವಾರ ಕಾಯಿಸಿದ್ದು ನನಗೆ ಬಹಳ ನೋವಾಯಿತು. ಆ ವರ್ಷ ಎರಡನೇ ಮದ್ದು ಬಿಟ್ಟದ್ದು ನೆರೆಮನೆಯವರ ದೋಟಿ ಕೇಳಿ ತಂದು. ಕೊಳ್ಳುವಾಗಲೇ ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ದಿನದಲ್ಲಿ ಎಂದು ಬಾಯಿಬಿಟ್ಟು ಕೇಳಿ. ಸಾಧ್ಯವಾದರೆ ನಡುವಿನ ಒಂದು ಕೊಳವೆ, ನಾಲ್ಕು ಲಾಕ್ ಜೊತೆಗೇ ತೆಗೆದುಕೊಳ್ಳಿ.

ದಿನನಿತ್ಯದ ಆರೈಕೆ ಹೆಚ್ಚಿಲ್ಲ. ಮದ್ದು ಬಿಟ್ಟ ದಿನ ಒಳ್ಳೆಯ ನೀರಿನಲ್ಲಿ ತೊಳೆದು, ಕೊಳವೆಗಳನ್ನು ಬಿಡಿಸಿ ನೆರಳಲ್ಲಿ ಒಣಗಿಸಬೇಕು. ಸುಣ್ಣ ಒಳಗೆ ಗಟ್ಟಿಯಾದರೆ ಮರುದಿನ ಎಷ್ಟು ಎಳೆದರೂ ಬಾರದು. ಎಣ್ಣೆ ಹಾಕಬಾರದು, ಹಾಕಿದರೆ ಲಾಕ್ ಜಾರುತ್ತದೆ.

ತೋಟಗಾರಿಕಾ ಇಲಾಖೆಯಿಂದ ಈಗ ದೋಟಿಗೆ ಸಹಾಯಧನ ಸಿಗುತ್ತದೆ. ಕೊಂಡು ಆದ ಮೇಲೆ ಹೋಗಬೇಡಿ, ತಾಲೂಕಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಇವತ್ತು ಮತ್ತೆ ಕೊಳ್ಳುವುದಾದರೆ 60 ಅಡಿಯದ್ದರ ಜೊತೆಗೆ 40 ಅಡಿಯದ್ದೂ ಒಂದು ತರುತ್ತೇನೆ. ಮಂಗಳದ ಸಾಲಿಗೆ ಅಷ್ಟು ಸಾಕು, ಕುತ್ತಿಗೆಗೂ ಸುಲಭ. ಮಗಳು ರಜೆಯಲ್ಲಿ ಬಂದಾಗ ಆ ಸಾಲಿನಲ್ಲೇ ಹಿಡಿದು ಕಲಿಯುತ್ತಾಳೆ. ಹೋದ ಮಾರ್ಚಿನಲ್ಲಿ ಅವಳು ಗೊನೆಗೆ ಕತ್ತಿಯ ಬೆನ್ನಿನಿಂದ ತಟ್ಟಿ ನೋಡುತ್ತಿದ್ದಳು. ಅಣ್ಣ ಪಕ್ಕದಲ್ಲಿ ನಿಂತು, "ಇನ್ನೊಂದು ವಾರ ಬಿಡು ಮಗಾ" ಎನ್ನುತ್ತಿದ್ದರು.