ಮಳೆನೀರಿಗೆ ಹಳೇ ಸಂಪೋ, ಬೇರೆ ಟ್ಯಾಂಕೋ?

ಕಟ್ಟಿ ಮುಗಿದ 30–40 ಅಡಿ ಸೈಟಿನ ಮನೆಯಲ್ಲಿ ಮಳೆನೀರು ಹಿಡಿಯಲು ನಾನು ಆರಿಸುವುದು ನೆಲದ ಮೇಲೆ ಕೂರಿಸುವ 2,000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕನ್ನೇ. ಪ್ಲಂಬರ್‌ಗಳು ಹೇಳುವುದು ಬೇರೆ: "ಸಂಪು ಇದೆಯಲ್ಲ ಸಾರ್, ಪೈಪ್ ಅದಕ್ಕೇ ಬಿಟ್ಬಿಡೋಣ, ಖರ್ಚೂ ಕಮ್ಮಿ." ಎರಡನ್ನೂ ಬಳಸಿ ನೋಡಿ ಹೇಳುತ್ತಿದ್ದೇನೆ, ಖರ್ಚು ಕಮ್ಮಿ ಅನ್ನುವುದು ನಿಜ. ಉಳಿಯುವ ನೀರೂ ಕಮ್ಮಿ.

ತೊಡಕಿರುವುದು ಬಾಲ್ ವಾಲ್ವ್‌ನಲ್ಲಿ, ಅಂದರೆ ತೇಲುವ ಚೆಂಡು ಮೇಲೇರಿದಾಗ ಮುಚ್ಚಿಕೊಳ್ಳುವ ವಾಲ್ವ್‌ನಲ್ಲಿ. ಬೆಂಗಳೂರಿನಲ್ಲಿ ನಲ್ಲಿಯ ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಕಡೆ ಸಂಪು ಪೂರ್ತಿ ತುಂಬಿದ ಮೇಲೇ ಅದು ಮುಚ್ಚುವುದು. ಬೆಳಗ್ಗೆ ಕಾವೇರಿ ತುಂಬಿತು, ಸಂಜೆ ಮಳೆ ಸುರಿಯಿತು ಅಂದರೆ ತಾರಸಿಯ ನೀರಿಗೆ ಜಾಗವೇ ಇಲ್ಲ. ಅಷ್ಟೂ ಓವರ್‌ಫ್ಲೋ ಪೈಪಿನಿಂದ ಮೋರಿಗೆ ಹೋಗುತ್ತದೆ. ಮೋರಿಯೂ ತುಂಬಿ ಹರಿಯುವ ಹೊತ್ತಿನಲ್ಲಿ ಅದೇ ಪೈಪಿನಲ್ಲಿ ಕೊಳಕು ನೀರು ವಾಪಸ್ ಬಂದು, ಇದ್ದ ಕಾವೇರಿ ನೀರನ್ನೂ ಕೆಡಿಸಬಹುದು. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿ, ಸಂಪಿನ ಬಾಯಿ ತಗ್ಗಿನಲ್ಲಿ ಉಳಿದ ಹಳೇ ಬಡಾವಣೆಗಳಲ್ಲಂತೂ ಈ ಭಯ ಇನ್ನೂ ಜಾಸ್ತಿ.

ವಾಲ್ವನ್ನು ಅರ್ಧ ಆಳಕ್ಕೆ ಇಳಿಸಿ ಮಳೆಗೆ ಜಾಗ ಬಿಡೋಣ ಎನ್ನುವವರೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಮಳೆ ಬಂದು ಮಟ್ಟ ಏರಿದಾಗ ವಾಲ್ವ್ ಮುಳುಗುತ್ತದೆ. ಲೈನಿನಲ್ಲಿ ಪ್ರೆಷರ್ ಇಲ್ಲದ ಸಮಯದಲ್ಲಿ ಸಂಪಿನ ನೀರು ಹಿಮ್ಮುಖವಾಗಿ ಕಾವೇರಿ ಪೈಪಿಗೆ ಸೇರಬಹುದು, ಆಗ ಕೆಡುವುದು ಬೀದಿಯವರೆಲ್ಲ ಕುಡಿಯುವ ನೀರು. ಕಾವೇರಿ ಪೈಪಿನ ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು.

ಸಂಪಿನಲ್ಲೇ ಮಳೆನೀರು ಹಿಡಿಯಬೇಕೆಂದರೆ ಸರಿಯಾದ ದಾರಿ ಒಂದೇ, ಸಂಪಿನ ನಡುವೆ ಗೋಡೆ ಎಬ್ಬಿಸಿ ಎರಡು ಮಾಡುವುದು. 8,000 ಲೀಟರಿನ ಸಂಪಿದ್ದರೆ 5,000 ಕಾವೇರಿಗೆ, 3,000 ಮಳೆಗೆ. ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿಯಿದ್ದಾಗ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಹಾಗಾಗಿ 6 ಇಂಚಿನ ಸಾಲಿಡ್ ಬ್ಲಾಕ್ ಬೇಕು, ಎರಡೂ ಮುಖಕ್ಕೆ ವಾಟರ್‌ಪ್ರೂಫ್ ಪ್ಲಾಸ್ಟರಿಂಗ್ ಬೇಕು. ಸೋರಿಕೆ ಶುರುವಾಗುವುದು ಹೊಸ ಗೋಡೆ ಹಳೇ ಗೋಡೆಗೆ ಕೂಡುವ ಮೂಲೆಯಲ್ಲಿ. ಅಲ್ಲಿ ಹಳೇ ಪ್ಲಾಸ್ಟರ್ ಕೆತ್ತಿಸದೆ ಸಿಮೆಂಟ್ ಹಚ್ಚಿದರೆ ಹಿಡಿಯುವುದಿಲ್ಲ. ಕ್ಯೂರಿಂಗ್ ಮುಗಿಯಲು ಒಂದು ವಾರ ಬೇಕು, ಅಷ್ಟೂ ದಿನ ಮನೆಗೆ ಸಂಪಿಲ್ಲ. ಆಮೇಲೆ ಎರಡನೇ ಮ್ಯಾನ್‌ಹೋಲ್, ಎರಡನೇ ಫುಟ್ ವಾಲ್ವ್ (ಮೋಟರಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವುದು). ಒಂದೇ ಮೋಟರಿಗೆ ನೀರೆಳೆಯುವ ಎರಡು ಪೈಪ್ (ಸಕ್ಷನ್ ಲೈನ್) ಕೊಟ್ಟರೆ ಗೇಟ್ ವಾಲ್ವ್‌ನ ಜಾಯಿಂಟಿನಲ್ಲಿ ಗಾಳಿ ಎಳೆದುಕೊಂಡು ಮೋಟರ್ ಓಡುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ.

ಪ್ಲಾಸ್ಟಿಕ್ ಬದಲು ಫೆರೋಸಿಮೆಂಟ್ ಟ್ಯಾಂಕನ್ನೂ (ತಂತಿ ಜಾಲರಿಗೆ ಸಿಮೆಂಟ್ ಗಾರೆ ಮೆತ್ತಿದ್ದು) ಕಟ್ಟಿಸಬಹುದು. ಅದು ಗಟ್ಟಿ, ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಜಾಲರಿ ಕಟ್ಟಿ ತೆಳುವಾಗಿ ಗಾರೆ ಮೆತ್ತಲು ಬಲ್ಲ ಮೇಸ್ತ್ರಿ ಸಿಕ್ಕರೆ ಮಾತ್ರ.

ನೆಲದ ಮೇಲಿನ ಟ್ಯಾಂಕಿಗೆ ಮೊದಲು ಬೇಕಾದ್ದು ಕಟ್ಟೆ. ತುಂಬಿದಾಗ ನೀರೇ ಎರಡು ಟನ್. ಕಬ್ಬಿಣದ ಸ್ಟ್ಯಾಂಡಿನ ಸಂದುಗಳಲ್ಲಿ ತಳ ಜೋತು ಬಿದ್ದು ಬಿರುಕು ಬಿಡುತ್ತದೆ, ತಳದ ಅಷ್ಟೂ ಅಗಲಕ್ಕೆ ಸಮನಾದ ಆಸರೆ ಬೇಕು. ಸಾಲಿಡ್ ಬ್ಲಾಕಿನ ಎರಡು ವರಸೆ, ಮೇಲೆ ಚಪ್ಪಡಿ ಕಲ್ಲು ಹಾಕಿದರೆ ನಲ್ಲಿಯ ಕೆಳಗೆ ಬಕೆಟ್ ಸಲೀಸಾಗಿ ಕೂರುತ್ತದೆ.

ಪ್ಲಂಬರ್‌ಗಳು ಎಡವುವುದು ಓವರ್‌ಫ್ಲೋದಲ್ಲಿ. 90 ಚದರ ಮೀಟರ್ ತಾರಸಿಗೆ ಗಂಟೆಗೆ 60 ಮಿ.ಮೀ. ರಭಸದಲ್ಲಿ ಮಳೆ ಬಂದರೆ ನಿಮಿಷಕ್ಕೆ 90 ಲೀಟರ್ ಇಳಿಯುತ್ತದೆ. ಒಳಗೆ 4 ಇಂಚು ಪೈಪ್ ಬಿಟ್ಟು ಹೊರಕ್ಕೆ ಒಂದೂಕಾಲು ಇಂಚಿನದು ಕೊಟ್ಟರೆ ನೀರು ಮುಚ್ಚಳ ಎತ್ತಿಕೊಂಡು ಗೋಡೆಗೆ ಬಡಿಯುತ್ತದೆ. ಒಳಪೈಪಿನಷ್ಟೇ ದಪ್ಪದ ಓವರ್‌ಫ್ಲೋ ಹಾಕಿಸಿ, ತುದಿಗೆ ಸೊಳ್ಳೆ ಜಾಲರಿ ಕಟ್ಟಿಸಿ.

ಮೊದಲ ಮಳೆಯ ಧೂಳು ಬೇರೆಯಾಗಲು ತಾರಸಿಯಿಂದ ಇಳಿಯುವ ಡೌನ್ ಪೈಪಿಗೆ T ಆಕಾರದ ಜಾಯಿಂಟ್ ಹಾಕಿ, ಕೆಳಕ್ಕೆ 6 ಇಂಚಿನ ಪೈಪ್ ಬಿಟ್ಟು, ತುದಿಗೆ ತಿರುಗಿಸಿ ತೆಗೆಯುವ ಎಂಡ್ ಕ್ಯಾಪ್ ಕೊಡಬೇಕು. ಅದರ ಒಂದು ಮೀಟರಿನಲ್ಲಿ ಸುಮಾರು 18 ಲೀಟರ್ ನಿಲ್ಲುತ್ತದೆ. ಅರ್ಧ ಮಿ.ಮೀ. ಮಳೆಯನ್ನಾದರೂ ಬಿಡಬೇಕೆಂದರೆ ಎರಡೂವರೆ ಮೀಟರ್ ಬೇಕು. ಪ್ರತಿ ಮಳೆಯ ನಂತರ ಕ್ಯಾಪ್ ಬಿಚ್ಚಲೇಬೇಕು. ಪಕ್ಕದಲ್ಲಿ ಗುಲ್‌ಮೊಹರ್ ಮರವಿದ್ದರೆ ಎಚ್ಚರ, ಅಕ್ಕಿಕಾಳಿನಂಥ ಅದರ ಎಲೆಗಳು ದಪ್ಪ ಜಾಲರಿಯಲ್ಲಿ ನುಸುಳಿ ಟ್ಯಾಂಕಿನ ತಳ ಸೇರಿ ಕೊಳೆಯುತ್ತವೆ. ಬಳಕೆಯ ನಲ್ಲಿ ತಳದಿಂದ ಎರಡು ಇಂಚು ಮೇಲಿರಲಿ, ಹೂಳು ತೆಗೆಯಲು ತೀರಾ ಕೆಳಗೆ ಇನ್ನೊಂದು.

ಸಾಮರ್ಥ್ಯದಲ್ಲಿ ಟ್ಯಾಂಕ್ ಸೋಲುತ್ತದೆ, ಒಪ್ಪುತ್ತೇನೆ. ಬೆಂಗಳೂರಿನ ವರ್ಷದ ಸುಮಾರು 970 ಮಿ.ಮೀ. ಮಳೆಗೆ ಅದೇ 90 ಚದರ ಮೀಟರ್ ತಾರಸಿಯಿಂದ, ಪೋಲಾಗುವುದನ್ನು ಕಳೆದರೂ, 70 ಸಾವಿರ ಲೀಟರಿಗೂ ಹೆಚ್ಚು ಸಿಗುತ್ತದೆ. 2,000 ಲೀಟರ್ ತುಂಬಲು 26 ಮಿ.ಮೀ. ಸಾಕು. ಹಾಗಾಗಿ ಓವರ್‌ಫ್ಲೋ ಮೋರಿಗಲ್ಲ, ಇಂಗುಬಾವಿಗೆ ಹೋಗಬೇಕು. 3 ಅಡಿ ಅಗಲ, 20 ಅಡಿ ಆಳದ ಬಾವಿಯಲ್ಲಿ 4,000 ಲೀಟರ್ ನಿಲ್ಲುತ್ತದೆ, ನಿಂತದ್ದು ಇಂಗುತ್ತಲೂ ಇರುತ್ತದೆ.

ನಮ್ಮಲ್ಲಿ ಮಳೆನೀರು ಬಟ್ಟೆ ಒಗೆಯಲು, ನೆಲ ಒರೆಸಲು, ಗಿಡಗಳಿಗೆ. ಮೋಟರ್ ಹಾಕದೆ ನಲ್ಲಿ ತಿರುಗಿಸಿದರೆ ಬರಬೇಕು, ಬಾವಿ ಬಿಟ್ಟು ಖರ್ಚು 25 ಸಾವಿರ ದಾಟಬಾರದು. ಈ ಲೆಕ್ಕಕ್ಕೆ ಟ್ಯಾಂಕೇ ಸರಿ. ಸೈಟ್ ಇನ್ನೂ ಖಾಲಿಯಿದ್ದರೆ ಮಾತ್ರ ನನ್ನ ಸಲಹೆ ಬೇರೆ: ಸಂಪು ಕಟ್ಟುವಾಗಲೇ ಎರಡು ಭಾಗ ಮಾಡಿಸಿಬಿಡಿ. 2009ರ ಕಾನೂನಿನ ಪ್ರಕಾರ 30–40ರ ಹೊಸ ಮನೆಗೆ ಮಳೆನೀರು ಕೊಯ್ಲು ಹೇಗೂ ಕಡ್ಡಾಯ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಮಾದರಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಟ್ಯಾಂಕ್ ತರುವ ಮುಂಚೆ ಟೇಪ್ ಹಿಡಿಯಿರಿ. 2,000 ಲೀಟರಿನ ದುಂಡನೆಯ ಟ್ಯಾಂಕ್ ನಾಲ್ಕು ಅಡಿಗೂ ಅಗಲ, ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಮೂರು ಅಡಿಯ ಸೆಟ್‌ಬ್ಯಾಕಿನಲ್ಲಿ ತೂರುವುದಿಲ್ಲ. ಅಂಥ ಕಡೆ ಸಣ್ಣವೆರಡನ್ನು ಕೂರಿಸಿ ತಳದಲ್ಲಿ ಪೈಪಿನಿಂದ ಜೋಡಿಸಿ.