ಲೈನಿಂಗ್ ನೆನೆಸದೆ ಹೊಲಿದ ಬ್ಲೌಸಿನ ಹಾಗಾಯ್ತು ನನ್ನ ಮುಖ

ಮುಖಕ್ಕೆ ಆಸಿಡ್ ಹಚ್ಚಿ ಮೇಲಿನ ಚರ್ಮ ಸುಲಿಸುವ 'ಪೀಲ್' ಮಾಡಿಸಿಕೊಂಡೆ. ಐದಕ್ಕೆ ಎರಡು ಸ್ಟಾರ್. ಒಂದು, ಜಾಗ ಚೊಕ್ಕಟವಾಗಿತ್ತು ಅಂತ. ಇನ್ನೊಂದು, ಆಸಿಡ್ ಹಚ್ಚಿದ ಹುಡುಗಿಯ ಕೈ ಮೃದುವಾಗಿತ್ತು ಅಂತ. ಕ್ಲಿನಿಕ್ ಹೆಸರು ಹಾಕುವುದಿಲ್ಲ. ಮೈಸೂರಿನಲ್ಲಿದೆ, ಅಷ್ಟು ಸಾಕು.

ನಾನು ಮಂಡ್ಯದಲ್ಲಿ ಬ್ಲೌಸ್ ಹೊಲಿಯುವವಳು. ಎರಡನೇ ಮಗು ಹುಟ್ಟಿದ ಮೇಲೆ ಎರಡೂ ಕೆನ್ನೆಗೆ ಬಂಗು ಬಂದು ಕೂತಿದೆ. ಮೇ ತಿಂಗಳಲ್ಲಿ ತಂಗಿ ಮಗಳ ಮದುವೆ. ಫೋಟೋದಲ್ಲಾದರೂ ಚೆನ್ನಾಗಿ ಕಾಣೋಣ ಅಂತ ಏಪ್ರಿಲ್‌ನಲ್ಲಿ ಮೈಸೂರಿಗೆ ಹೋದೆ. ಗ್ಲೈಕಾಲಿಕ್ ಅನ್ನುವ ಆಸಿಡ್‌ನ ಪೀಲ್, ಆರು ಸಿಟ್ಟಿಂಗ್, 15,000 ರೂಪಾಯಿ, ಪೂರ್ತಿ ಮುಂಗಡ. "ಇದು ಕಬ್ಬಿನಲ್ಲಿ ಇರೋದೇ ಮೇಡಂ, ನ್ಯಾಚುರಲ್" ಅಂದಳು ಕೌಂಟರ್‌ನ ಹುಡುಗಿ. ಮಂಡ್ಯದವಳಿಗೆ ಕಬ್ಬಿನ ಕಥೆ! ಕಬ್ಬಿನಲ್ಲಿ ಆ ಆಸಿಡ್ ಇರುವುದು ನಿಜವೇ. ಆದರೆ ಬಾಟಲಿಗೆ ತುಂಬುವುದು ಹೆಚ್ಚಾಗಿ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಅಲ್ಲದೆ ಕಬ್ಬಿನ ಹಾಲು ಕುಡಿದವರ ಮುಖ ಸುಲಿಯುವುದಿಲ್ಲ, ಅಲ್ವಾ?

ಡಾಕ್ಟರ್ ಎರಡು ನಿಮಿಷ ನೋಡಿ ಚೀಟಿ ಬರೆದರು. ರಾತ್ರಿ ಏನು ಹಚ್ಚುತ್ತೀರಿ ಅಂತ ಕೇಳಲಿಲ್ಲ. ನಾನು ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತಂದ ಟ್ರೆಟಿನಾಯಿನ್ ಕ್ರೀಮ್ ಹಚ್ಚುತ್ತಿದ್ದೆ, ಅದು ಚರ್ಮವನ್ನು ನಾಜೂಕು ಮಾಡುತ್ತದೆ. ಎರಡು ದಿನದ ಹಿಂದಷ್ಟೇ ಮೇಲ್ದುಟಿಗೆ ಥ್ರೆಡ್ಡಿಂಗ್ ಮಾಡಿಸಿದ್ದೆ. ಕೇಳಿದ್ದರೆ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿದ್ದ ಫಾರಂ ಒಂದಕ್ಕೆ ಸಹಿ ಹಾಕಿಸಿಕೊಂಡರು. ನಾನೂ ಓದಲಿಲ್ಲ, ಅದು ನನ್ನ ತಪ್ಪು.

ಹತ್ತಿಯಲ್ಲಿ ಜಿಡ್ಡು ಒರೆಸಿ, ಕಣ್ಣಿಗೆ ಒದ್ದೆ ಬಟ್ಟೆ ಇಟ್ಟು, ಬ್ರಷ್‌ನಲ್ಲಿ ಹಚ್ಚಿದರು. ಒಂದು ನಿಮಿಷದೊಳಗೆ ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಮುಖ ಉಜ್ಜಿಕೊಂಡ ಹಾಗಾಯಿತು. ಥ್ರೆಡ್ಡಿಂಗ್ ಆದ ಜಾಗದಲ್ಲಂತೂ ಸೂಜಿ ಚುಚ್ಚಿದಂತೆ. ಹೇಳಿದೆ. "ಎಲ್ಲರಿಗೂ ಆಗುತ್ತೆ ಮೇಡಂ" ಅಂತ ಪುಟ್ಟ ಫ್ಯಾನ್ ಕೈಗೆ ಕೊಟ್ಟರು. ಈ ಆಸಿಡ್ ತಾನಾಗಿ ನಿಲ್ಲುವುದಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆ ಸೋಡಾ ಬೆರೆಸಿದ ನೀರು ಹಾಕಿ ನಿಲ್ಲಿಸಬೇಕು, ತಡವಾದಷ್ಟೂ ಒಳಗೆ ಇಳಿಯುತ್ತದೆ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಬಿಸಿಲಿಗೆ ಹೋಗಬೇಡಿ ಅಂದರು. ಏಪ್ರಿಲ್ ತಿಂಗಳು, ನಾಲ್ಕು ಗಂಟೆಯ ರೈಲು, ಎಡಗಡೆ ಕಿಟಕಿ ಸೀಟು. ಸೆರಗು ಹೊದ್ದುಕೊಂಡರೂ ಮಂಡ್ಯದವರೆಗೂ ಎಡಗೆನ್ನೆ ಸುಡುತ್ತಲೇ ಇತ್ತು.

ಮೂರನೇ ದಿನ ಬಾಯಿಯ ಮೂಲೆಯಲ್ಲಿ ಚರ್ಮ ಬಿರಿಯಿತು, ಗಂಜಿ ಹಾಕಿದ ಸೀರೆ ಮಡಿಕೆಯಲ್ಲಿ ಬಿರಿಯುವ ಹಾಗೆ. ಎಡಗೆನ್ನೆಯಲ್ಲಿ ಒಂದು ಎಳೆ ಎದ್ದು ನಿಂತಿತ್ತು. ದಾರ ಕಂಡರೆ ಎಳೆಯುವುದು ನಮ್ಮ ಕಸುಬಿನ ಚಾಳಿ. ಎಳೆದೆ. ಕೆಳಗೆ ಗುಲಾಬಿ ಬಣ್ಣದ ಹಸಿ ಚರ್ಮ. ಹತ್ತು ದಿನದಲ್ಲಿ ಅದೇ ಜಾಗ ಐದು ರೂಪಾಯಿ ನಾಣ್ಯದಷ್ಟು ಕಪ್ಪಾಯಿತು. ಮೇಲ್ದುಟಿ ನೋಡಿದರೆ ಎಳೆ ಮೀಸೆ. ಪಕ್ಕದ ಮನೆ ಅಜ್ಜಿ, "ಯಾಕವ್ವ, ಒಗ್ಗರಣೆ ಎಣ್ಣೆ ಸಿಡೀತಾ?" ಅಂದರು. ಕ್ಲಿನಿಕ್‌ಗೆ ಫೋನ್ ಮಾಡಿದರೆ, "ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಹೋಗುತ್ತೆ ಮೇಡಂ." ಸುಟ್ಟ ಬಟ್ಟೆಗೆ ಇನ್ನೊಂದು ಸಲ ಇಸ್ತ್ರಿ!

ಮಂಡ್ಯದಲ್ಲೇ ಚರ್ಮದ ಡಾಕ್ಟರ್ ಒಬ್ಬರ ಹತ್ತಿರ ಹೋದೆ. ಅವರು ಕೇಳಿದ ಪ್ರಶ್ನೆಗಳನ್ನು ಕೇಳಿ ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ಕ್ರೀಮ್ ಯಾವುದು? ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಯಾವಾಗ? ತುಟಿ ಪಕ್ಕ ಪದೇ ಪದೇ ನೀರುಗುಳ್ಳೆ ಏಳುತ್ತಾ? (ಅಂಥವರಿಗೆ ಪೀಲ್ ಆದಮೇಲೆ ಅದು ಮತ್ತೆ ಏಳಬಹುದು, ಮೊದಲೇ ಮಾತ್ರೆ ಕೊಡುತ್ತಾರಂತೆ.) ಗಾಯ ಮಾಗಿದ ಮೇಲೆ ಉಬ್ಬಿ ಗಂಟಾಗುತ್ತಾ? ಮೊಡವೆಗೆ ಮಾತ್ರೆ ನುಂಗಿದ್ದೀರಾ? ಕಿವಿಯ ಹಿಂದೆ ಒಂಚೂರು ಹಚ್ಚಿ ನೋಡಿದ್ದರಾ?

ಇಲ್ಲ. ನೂರು ರೂಪಾಯಿ ಲೈನಿಂಗ್ ಬಟ್ಟೆಯನ್ನೂ ನಾನು ನೀರಲ್ಲಿ ನೆನೆಸಿ, ಕುಗ್ಗುತ್ತಾ, ಬಣ್ಣ ಬಿಡುತ್ತಾ ನೋಡಿಯೇ ಕತ್ತರಿ ಹಾಕುವುದು. ನನ್ನ ಮುಖಕ್ಕೆ ಅಷ್ಟೂ ಇಲ್ಲ.

ನಮ್ಮಂಥ ಕಂದು ಚರ್ಮಕ್ಕೆ ಒಂಚೂರು ಸುಟ್ಟರೂ ಆ ಜಾಗದಲ್ಲಿ ಬಣ್ಣ ಜಾಸ್ತಿ ತಯಾರಾಗುತ್ತದೆ. ಬಂಗು ಹೋಗಲಿ ಅಂತ ಹೋದವರಿಗೆ ಬಂಗು ಹೆಚ್ಚಾಗುವುದು ಹೀಗೇ. ಕೆಲವು ದಿನ ಕೆಂಪಾಗುವುದು, ಸಿಪ್ಪೆ ಏಳುವುದು ಮಾಮೂಲು. ಗುಳ್ಳೆ, ಕೀವು, ತಡೆಯಲಾರದ ಉರಿ ಮಾಮೂಲಲ್ಲ. ಆಳದ ಪೀಲ್ ಆದರೆ ಕಲೆ ಶಾಶ್ವತವಾಗಿ ಉಳಿಯಲೂಬಹುದು. ಫೀನಾಲ್ ಅನ್ನುವ ಪೀಲ್ ಮಾಡುವಾಗ ಹೃದಯದ ಬಡಿತವನ್ನೇ ನೋಡುತ್ತಿರಬೇಕಂತೆ. ಅದನ್ನು ಕೇಳಿ ನನ್ನದು ಎಷ್ಟೋ ವಾಸಿ ಅನ್ನಿಸಿತು.

ಪೀಲ್ ಅಂದರೆ ಮೋಸ ಅಂತ ನಾನು ಹೇಳುತ್ತಿಲ್ಲ. ನಮ್ಮ ನಾದಿನಿಗೆ ಸ್ಯಾಲಿಸಿಲಿಕ್ ಅನ್ನುವ ಇನ್ನೊಂದು ಆಸಿಡ್‌ನ ಪೀಲ್‌ನಿಂದ ಮೊಡವೆ ಕಲೆ ಚೆನ್ನಾಗಿಯೇ ಹೋಯಿತು. ಅವಳ ಡಾಕ್ಟರ್ ಮೊದಲ ದಿನ ಬರೀ ಪ್ರಶ್ನೆ ಕೇಳಿ, ಸನ್‌ಸ್ಕ್ರೀನ್ ಬರೆದುಕೊಟ್ಟು ವಾಪಸ್ ಕಳಿಸಿದ್ದರು. ಅವತ್ತು ನಾವು ನಕ್ಕಿದ್ದೆವು.

ಮದುವೆಯ ಫೋಟೋಗಳಲ್ಲೆಲ್ಲ ನಾನು ಬಲಗೆನ್ನೆ ತಿರುಗಿಸಿ ನಿಂತಿದ್ದೇನೆ. ಈಗ ಐದು ತಿಂಗಳು. ಸನ್‌ಸ್ಕ್ರೀನ್ ಮತ್ತು ಡಾಕ್ಟರ್ ಕೊಟ್ಟ ಕ್ರೀಮ್ ಬಿಟ್ಟು ಬೇರೇನೂ ಹಚ್ಚಿಲ್ಲ. ನಾಣ್ಯ ಹುಣಸೆ ಬೀಜದಷ್ಟಾಗಿದೆ. ಉಳಿದ ಐದು ಸಿಟ್ಟಿಂಗಿನ ಹಣ ಕೇಳಿದರೆ, "ರೀಫಂಡ್ ಇಲ್ಲ ಮೇಡಂ, ಬೇಕಾದರೆ ಹೇರ್ ಸ್ಪಾಗೆ ಅಡ್ಜಸ್ಟ್ ಮಾಡ್ತೀವಿ" ಅಂದರು. ಕ್ಲಿನಿಕ್‌ನವರು ಕೊಟ್ಟ ಸಿಟ್ಟಿಂಗ್ ಕಾರ್ಡು ಮಷಿನ್ನಿನ ಡ್ರಾಯರ್‌ನಲ್ಲಿ ಬಿದ್ದಿದೆ. ಮೊನ್ನೆ ಅದಕ್ಕೆ ಬಾಬಿನ್ ದಾರ ಸುತ್ತಿಟ್ಟೆ.