ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಸ್ಕ್ಯಾನರ್: ನೂರು ಡಾಲರಿನದೋ, ಏಳುನೂರರದೋ, ಡಾಂಗಲ್ಲೋ?

ಪೊಲೀಸರ, ಫೈರ್‌ನವರ ವೈರ್‌ಲೆಸ್ ಮಾತು ಕೇಳಿಸುವ ರೇಡಿಯೋ ಸ್ಕ್ಯಾನರ್ ಕೊಳ್ಳುವವರು ಮೊದಲು ಬೆಲೆ ನೋಡುತ್ತಾರೆ. ನೋಡಬೇಕಾದ್ದು ತಮ್ಮ ಕೌಂಟಿಯ ಪೊಲೀಸರು, ಫೈರ್‌ನವರು ಯಾವ ವ್ಯವಸ್ಥೆಯಲ್ಲಿ ಮಾತಾಡುತ್ತಾರೆ ಅನ್ನುವುದನ್ನು. ರೇಡಿಯೋರೆಫರೆನ್ಸ್ ತಾಣದಲ್ಲಿ ಕೌಂಟಿಯ ಪುಟ ತೆರೆದು ಮೋಡ್ ಅನ್ನುವ ಕಾಲಂ ನೋಡಿ. ಟಾಕ್‌ಗ್ರೂಪಿನ (ಒಂದು ತಂಡದವರು ತಮ್ಮೊಳಗೆ ಮಾತಾಡುವ ಗುಂಪು) ಎದುರು ‘ಡಿ’ ಇದ್ದರೆ ಡಿಜಿಟಲ್, ‘ಟಿ’ ಇದ್ದರೆ ಟಿಡಿಎಂಎ (ಒಂದೇ ಚಾನೆಲಿನ ಸಮಯವನ್ನು ಹಂಚಿ ಎರಡು ಮಾತು ಕಳಿಸುವ ಡಿಜಿಟಲ್ ಬಗೆ). ಅದರ ಪಕ್ಕ ದೊಡ್ಡಕ್ಷರದ ‘ಇ’ ಇದ್ದರೆ ಮಾತು ಸದಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಗುಪ್ತ ಸಂಕೇತದಲ್ಲಿರುತ್ತದೆ. ಚಿಕ್ಕಕ್ಷರವಾದರೆ ಆಗಾಗ ಮಾತ್ರ. ದೊಡ್ಡ ‘ಇ’ ಬಿದ್ದದ್ದನ್ನು ಯಾವ ಬೆಲೆಯ ಸ್ಕ್ಯಾನರೂ ಬಿಡಿಸಿ ಕೇಳಿಸುವುದಿಲ್ಲ. ಬಿಡಿಸಲು ಹೋಗುವುದು ಅಮೆರಿಕದ ಫೆಡರಲ್ ಕಾನೂನಿಗೆ ವಿರುದ್ಧ ಕೂಡ.

ಪೊಲೀಸರ ಮಾತಿನ ಆಸೆ ಇಟ್ಟುಕೊಂಡೇ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಲಿ. ಜನರ ಖಾಸಗಿ ವಿವರ ಗಾಳಿಯಲ್ಲಿ ಸೋರಬಾರದು ಎಂದು ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 2020ರ ಅಕ್ಟೋಬರಿನಲ್ಲಿ ಸೂಚನೆ ಕೊಟ್ಟ ಮೇಲೆ ಒಂದೊಂದೇ ಊರಿನ ಪೊಲೀಸರು ಬಾಗಿಲು ಹಾಕಿಕೊಂಡರು. ಪಾಲೋ ಆಲ್ಟೋ 2021ರಲ್ಲಿ ಮುಚ್ಚಿ 2022ರಲ್ಲಿ ಮತ್ತೆ ತೆರೆಯಿತು, ಅದು ಅಪರೂಪ. ಫೈರ್ ಮತ್ತು ಆಂಬ್ಯುಲೆನ್ಸ್ ಡಿಸ್ಪ್ಯಾಚ್ ಮಾತ್ರ ಬಹುತೇಕ ಕಡೆ ತೆರೆದೇ ಇದೆ. ಹಾಗಾಗಿ ಈ ಹೋಲಿಕೆ ಮುಖ್ಯವಾಗಿ ಫೈರ್ ಕೇಳುವವರಿಗೆ.

ಕೈಯಲ್ಲಿ ಹಿಡಿಯುವವುಗಳಲ್ಲಿ ಅಗ್ಗದ್ದರಿಂದ ಶುರು ಮಾಡೋಣ. ಯೂನಿಡೆನ್ ಬಿಸಿ125ಎಟಿ: ನೂರು ಡಾಲರಿನ ಆಸುಪಾಸು, ಎರಡು ಡಬಲ್-ಎ ಸೆಲ್, ತಲಾ 50 ಚಾನೆಲ್‌ಗಳ ಹತ್ತು ಬ್ಯಾಂಕ್. ಅನಲಾಗ್ ಬಿಟ್ಟು ಬೇರೇನೂ ಬರುವುದಿಲ್ಲ, 512 ಮೆಗಾಹರ್ಟ್ಸ್‌ನಿಂದ ಮೇಲಕ್ಕೂ ಹೋಗುವುದಿಲ್ಲ. ಸಿಲಿಕಾನ್ ವ್ಯಾಲಿಯ ಪೊಲೀಸ್, ಫೈರ್‌ಗಳ ಹಂಚಿಕೆಯ ರೇಡಿಯೋ ವ್ಯವಸ್ಥೆ ಎಸ್‌ವಿಆರ್‌ಸಿಎಸ್ ಇರುವುದು 700 ಮೆಗಾಹರ್ಟ್ಸ್‌ನಲ್ಲಿ, ಅದೂ ಪಿ25 ಎಂಬ ಡಿಜಿಟಲ್ ಮಾನದಂಡದ ಫೇಸ್ 2 (ಟಿಡಿಎಂಎ ಬಗೆ). ಅಲ್ಲಿ ಇದು ಮೂಕ. ಆದರೆ ಕಾಡ್ಗಿಚ್ಚಿನ ವಿಷಯಕ್ಕೆ ಬಂದರೆ ಇದರ ಮುಂದೆ ದುಬಾರಿಯದೂ ಸೋಲುತ್ತದೆ, ಏಕೆಂದರೆ ರಾಜ್ಯದ ಅಗ್ನಿಶಾಮಕ ಇಲಾಖೆ ಕ್ಯಾಲ್‌ಫೈರ್ ಇನ್ನೂ ವಿಎಚ್‌ಎಫ್ (150 ಮೆಗಾಹರ್ಟ್ಸ್ ಆಸುಪಾಸಿನ) ಅನಲಾಗ್‌ನಲ್ಲೇ ಇದೆ. ಕಮಾಂಡ್ 1 ಎಂದು 151.355, ವಿಮಾನ ಮತ್ತು ನೆಲದ ನಡುವಿನ ಮಾತಿಗೆ 151.220, ಬೇರೆ ಬೇರೆ ಇಲಾಖೆಗಳು ಒಟ್ಟಾದಾಗ ವಿಫೈರ್21ರ 154.280, ವಿಫೈರ್22ರ 154.265, ವಿಫೈರ್23ರ 154.295. ಇಷ್ಟನ್ನು ಒಂದು ಬ್ಯಾಂಕಿಗೆ ಹಾಕಿ, ಮಾಡ್ಯುಲೇಶನ್ ಅನ್ನು ಎನ್‌ಎಫ್‌ಎಂಗೆ (ಕಿರಿದಾದ ಎಫ್‌ಎಂ) ಇಡಿ. ಎಫ್‌ಎಂನಲ್ಲೇ ಬಿಟ್ಟರೆ ದನಿ ಸಣ್ಣಗೆ ಕೇಳುತ್ತದೆ: 2013ರಿಂದ ಈ ಚಾನೆಲ್‌ಗಳೆಲ್ಲ 12.5 ಕಿಲೋಹರ್ಟ್ಸ್‌ಗೆ ಕಿರಿದಾಗಿವೆ. ದೂರದ ಬೆಟ್ಟದ ರಿಪೀಟರ್ (ಸಿಗ್ನಲನ್ನು ಮತ್ತೆ ಬಿಡುವ ಕೇಂದ್ರ) ನಡುವೆ ನುಗ್ಗುತ್ತಿದ್ದರೆ, ಬೇಕಾದ ಸಿಗ್ನಲನ್ನಷ್ಟೇ ಒಳಬಿಡುವ ಸಿಟಿಸಿಎಸ್‌ಎಸ್ ಟೋನ್ ಹಾಕಿ. ಟೋನ್ ಗೊತ್ತಿಲ್ಲದಿದ್ದರೆ ಮೊದಲು ಸರ್ಚ್‌ನಲ್ಲಿಡಿ, ಅದೇ ತೋರಿಸುತ್ತದೆ.

ಇದರ ಜತೆ ಬರುವ ಗಿಡ್ಡ ರಬ್ಬರ್ ಆಂಟೆನಾ ತೆಗೆದುಬಿಡಿ. 154 ಮೆಗಾಹರ್ಟ್ಸ್‌ಗೆ ಕಾಲುಅಲೆ (ತರಂಗದ ನಾಲ್ಕನೇ ಒಂದು ಭಾಗ) ಉದ್ದವೆಂದರೆ ಸುಮಾರು 46ರಿಂದ 48 ಸೆಂಟಿಮೀಟರ್. ಅಷ್ಟುದ್ದದ ಬಿಎನ್‌ಸಿ ಕನೆಕ್ಟರಿನ ಟೆಲಿಸ್ಕೋಪಿಕ್ ಆಂಟೆನಾ ಹಾಕಿದರೆ ಅದೇ ಕಿಟಕಿಯಲ್ಲಿ ಅದೇ ಸ್ಕ್ಯಾನರ್ ಬೇರೆಯದೇ ಆಗುತ್ತದೆ.

ಇನ್ನು ಯೂನಿಡೆನ್ನದೇ ಎಸ್‌ಡಿಎಸ್100. ಏಳುನೂರು ಡಾಲರ್ ಹತ್ತಿರ ಹೋಗುವ ಈ ಹ್ಯಾಂಡ್‌ಸೆಟ್‌ಗೆ ಯಾಕಷ್ಟು ದುಡ್ಡು? ಸಿಮಲ್‌ಕಾಸ್ಟ್‌ಗಾಗಿ. ಪಿ25 ವ್ಯವಸ್ಥೆಯಲ್ಲಿ ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಒಟ್ಟಿಗೆ ಬಿಡುತ್ತವೆ. ಜಾತ್ರೆಯಲ್ಲಿ ನಾಲ್ಕು ಕಂಬಕ್ಕೆ ಕಟ್ಟಿದ ಮೈಕಿನಿಂದ ಒಂದೇ ಮಾತು ಹಿಂದೆಮುಂದಾಗಿ ಕಿವಿಗೆ ಬೀಳುವ ಹಾಗೆ, ಎರಡು ಟವರಿನ ಅಲೆಗಳು ಹಳೆಯ ಸ್ಕ್ಯಾನರಿಗೆ ಕಲಸಿಹೋಗುತ್ತವೆ. ಯೂನಿಡೆನ್ನಿನ ಹಳೆಯ ಬಿಸಿಡಿ436ಎಚ್‌ಪಿಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ನಿಂತಿದ್ದರೂ ಮಾತು ರೋಬೋಟಿನಂತೆ ತುಂಡಾಗುವುದು ಇದಕ್ಕೇ. ಎಸ್‌ಡಿಎಸ್ ಸರಣಿ ಐಕ್ಯೂ ರಿಸೀವರ್‌ನಿಂದ (ಅಲೆಯ ಬಲದ ಜತೆ ಅದರ ಹಂತವನ್ನೂ ಅಳೆಯುವ ರಿಸೀವರ್) ಇದನ್ನು ಬಿಡಿಸುತ್ತದೆ. ಒಂದೇ ಜಾಗದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎಂಥವರಿಗೂ ತಿಳಿಯುತ್ತದೆ. ಈಗಾಗಲೇ 436 ಇರುವವರು ಅದನ್ನು ಮಾರುವ ಮೊದಲು ಒಂದು ಕೆಲಸ ಮಾಡಬಹುದು. ದೊಡ್ಡ ಆಂಟೆನಾ ಬಿಟ್ಟು 9 ಸೆಂಟಿಮೀಟರಿನ ಗಿಡ್ಡದನ್ನು ಹಾಕಿ, ಒಂದು ಗೋಡೆ ಬೇಡದ ಟವರಿಗೆ ಅಡ್ಡವಾಗುವಂತೆ ಇಡಿ, ಇಲ್ಲವೇ ಯಾಗಿ ಆಂಟೆನಾವನ್ನು ಒಂದೇ ಟವರಿನ ಕಡೆ ತಿರುಗಿಸಿ. ಇಲ್ಲಿ ಕೆಲವೊಮ್ಮೆ ಸಿಗ್ನಲ್ ಕಡಿಮೆಯಾದರೇ ಕೇಳುವುದು ಚೆನ್ನಾಗುತ್ತದೆ.

ಎಸ್‌ಡಿಎಸ್100ಕ್ಕೆ ಜಿಪ್ ಕೋಡ್ ಕೊಟ್ಟರೆ ತಾನೇ ಎಲ್ಲ ತುಂಬಿಕೊಳ್ಳುತ್ತದೆ. ಸೋಮಾರಿಗಳಿಗೆ ಅನುಕೂಲ, ಆದರೆ ಹಾಗೆ ಬಿಟ್ಟರೆ ಊರಿಗೆಲ್ಲ ಸುತ್ತಿ ಬರುವಷ್ಟರಲ್ಲಿ ನಿಮ್ಮ ಸ್ಟೇಷನ್ನಿನ ಕಾಲ್ ಮುಗಿದಿರುತ್ತದೆ. ಸೆಂಟಿನೆಲ್ ಸಾಫ್ಟ್‌ವೇರಿನಲ್ಲಿ ಫೇವರಿಟ್ಸ್ ಪಟ್ಟಿ ಮಾಡಿ, ನಿಮಗೆ ಸಿಗುವ ಒಂದೆರಡು ಸೈಟ್ (ಟವರ್ ಅಥವಾ ಟವರ್‌ಗಳ ಗುಂಪು) ಮಾತ್ರ ಉಳಿಸಿ. ಏನೂ ಕೇಳಿಸದಿದ್ದರೆ ಸರ್ವಿಸ್ ಟೈಪ್‌ನಲ್ಲಿ ಫೈರ್ ಡಿಸ್ಪ್ಯಾಚ್, ಫೈರ್ ಟ್ಯಾಕ್ (ಬೆಂಕಿಯ ಸ್ಥಳದಲ್ಲಿ ಆಡುವ ಮಾತು) ಎರಡೂ ಆನ್ ಇವೆಯೇ ನೋಡಿ. ದೂರು ಹೇಳುವುದಾದರೆ: ಬ್ಯಾಟರಿ ಬೇಗ ಖಾಲಿ, ಕೈಗೆ ಬಿಸಿ, ಮತ್ತು ವಿಎಚ್‌ಎಫ್‌ನಲ್ಲಿ ಬಡ ಬಿಸಿ125ಎಟಿಯಷ್ಟು ಚುರುಕಿಲ್ಲ. ಗ್ಲೋಬಲ್ ಫಿಲ್ಟರನ್ನು ನಾರ್ಮಲ್, ಇನ್ವರ್ಟ್, ವೈಡ್ ಎಂದು ಬದಲಿಸಿ ನೋಡಿದರೆ ಸ್ವಲ್ಪ ಸುಧಾರಿಸುತ್ತದೆ.

ಮನೆಯಲ್ಲೇ ಕೂತು ಕೇಳುವವರಿಗೆ, ನನ್ನ ಮಟ್ಟಿಗೆ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಮೇಲು. ಟಿಸಿಎಕ್ಸ್‌ಒ (ಬಿಸಿಯಾದರೂ ಫ್ರೀಕ್ವೆನ್ಸಿ ಹೆಚ್ಚು ಜಾರದ ಆಸಿಲೇಟರ್) ಇರುವುದನ್ನೇ ಕೊಳ್ಳಿ, 30-40 ಡಾಲರ್. ಒಂದು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ತಪ್ಪು ಎಂದರೆ 770 ಮೆಗಾಹರ್ಟ್ಸ್‌ನಲ್ಲಿ 770 ಹರ್ಟ್ಸ್, ಅಡ್ಡಿಯಿಲ್ಲ. ಹತ್ತು ಡಾಲರಿನ ಟಿವಿ ಡಾಂಗಲ್ 50 ಪಿಪಿಎಂ ಜಾರಿದರೆ 38 ಕಿಲೋಹರ್ಟ್ಸ್, ಅಂದರೆ ಮೂರು ಚಾನೆಲ್ ಆಚೆ. ವಿಂಡೋಸ್‌ನಲ್ಲಿ ಜ್ಯಾಡಿಗ್ ತೆರೆದು, ಲಿಸ್ಟ್ ಆಲ್ ಡಿವೈಸಸ್ ಒತ್ತಿ, ಬಲ್ಕ್-ಇನ್ ಇಂಟರ್‌ಫೇಸ್ 0 ಆಯ್ದು ವಿನ್‌ಯುಎಸ್‌ಬಿ ಡ್ರೈವರ್ ಹಾಕಿ. ಆಮೇಲೆ ಮಾತನ್ನು ಬಿಡಿಸಿ ಕೇಳಿಸುವ ಎಸ್‌ಡಿಆರ್‌ಟ್ರಂಕ್ ಸಾಫ್ಟ್‌ವೇರ್ ಹಾಕಿ. ಕಾಲ್‌ಗಳು ಪರದೆಯಲ್ಲಿ ಹರಿಯುತ್ತವೆ, ದನಿ ಮಾತ್ರ ಇಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಡಿಜಿಟಲ್ ದನಿಯನ್ನು ಬಿಡಿಸುವ ಜೆಎಂಬಿಇ ಲೈಬ್ರರಿಯನ್ನು ನೀವೇ ಪ್ರಿಫರೆನ್ಸಸ್‌ನಿಂದ ತಯಾರಿಸಿಕೊಳ್ಳಬೇಕು, ಅದು ಜತೆಗೆ ಬರುವುದಿಲ್ಲ. ವ್ಯವಸ್ಥೆ ಫೇಸ್ 2 ಆದರೂ ಕಂಟ್ರೋಲ್ ಚಾನೆಲ್ (ಯಾವ ಕಾಲ್ ಯಾವ ಚಾನೆಲಿನಲ್ಲಿ ಎಂದು ಹೇಳುವ ಚಾನೆಲ್) ಸಾಮಾನ್ಯವಾಗಿ ಫೇಸ್ 1, ಆದ್ದರಿಂದ ಡಿಕೋಡರ್ ‘ಪಿ25 ಫೇಸ್ 1’ ಆಗಿರಲಿ. ಸಿಮಲ್‌ಕಾಸ್ಟ್ ಸೈಟಾದರೆ ಮಾಡ್ಯುಲೇಶನ್‌ನಲ್ಲಿ ಎಲ್‌ಎಸ್‌ಎಂ ಆಯ್ದುಕೊಳ್ಳಿ. ಡಾಂಗಲ್ ಒಮ್ಮೆಗೆ ನೋಡುವುದು 2.4 ಮೆಗಾಹರ್ಟ್ಸ್ ಅಗಲ, 700ರ ಡೌನ್‌ಲಿಂಕ್ (ಟವರಿನಿಂದ ಬರುವ ಸಿಗ್ನಲ್) ಹಬ್ಬಿರುವುದು 769ರಿಂದ 775ರವರೆಗೆ. ‘ನೋ ಟ್ಯೂನರ್ ಅವೈಲಬಲ್’ ಎಂದು ಬಂದರೆ ಇನ್ನೊಂದು ಡಾಂಗಲ್ ಬೇಕು. ಮೂರಾದರೆ ಪೂರ್ತಿ ಬ್ಯಾಂಡ್ ಕೈಗೆ. ಆಗಲೂ ಖರ್ಚು ಎಸ್‌ಡಿಎಸ್‌ಗಿಂತ ಕಡಿಮೆ, ಮೇಲಾಗಿ ಏಕಕಾಲಕ್ಕೆ ನಡೆಯುವ ಎಲ್ಲ ಕಾಲ್ ರೆಕಾರ್ಡ್ ಆಗುತ್ತವೆ, ಇದು ಯಾವ ಹ್ಯಾಂಡ್‌ಸೆಟ್ಟಿಗೂ ಆಗದ ಕೆಲಸ. ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ತುದಿಗೆ ಏರಿಸಬೇಡಿ. ಹತ್ತಿರದ ಎಫ್‌ಎಂ ಸ್ಟೇಷನ್‌ಗಳು ನುಗ್ಗಿ ಎಲ್ಲ ಮಸುಕಾಗುತ್ತದೆ.

ಸ್ಕ್ಯಾನರೇ ಬೇಡವೆಂದರೆ ಬ್ರಾಡ್‌ಕಾಸ್ಟಿಫೈ ತಾಣದಲ್ಲಿ ಕೇಳುವುದು ಪುಕ್ಕಟೆ, ಆದರೆ ಯಾರೋ ತಮ್ಮ ಮನೆಯ ಸ್ಕ್ಯಾನರಿನಿಂದ ಬಿಡುವ ಫೀಡ್. ತಡವಾಗಿ ಬರುತ್ತದೆ, ಅವರ ಮನೆಯ ಕರೆಂಟ್ ಹೋದರೆ ನಿಲ್ಲುತ್ತದೆ. ಗಿಚ್ಚು ಹತ್ತಿದ ದಿನ ಕರೆಂಟ್ ಹೋಗುವುದು ಇಲ್ಲಿ ಹೊಸದಲ್ಲ. ಎಲ್ಲಿ ಬೆಂಕಿ ಬಿದ್ದಿದೆ ಎಂಬುದಷ್ಟೇ ಸಾಕೆನ್ನುವವರಿಗೆ ವಾಚ್ ಡ್ಯೂಟಿ ಆ್ಯಪ್ ಇದಕ್ಕಿಂತ ಒಳ್ಳೆಯದು.

ಕಾರಿನಲ್ಲಿಡುವ ಮುನ್ನ ರಾಜ್ಯದ ಕಾನೂನು ನೋಡಿ: ನ್ಯೂಯಾರ್ಕ್, ಫ್ಲೋರಿಡಾ, ಇಂಡಿಯಾನಾ, ಕೆಂಟಕಿ, ಮಿನ್ನೆಸೋಟಾಗಳಲ್ಲಿ ವಾಹನದಲ್ಲಿ ಸ್ಕ್ಯಾನರಿಗೆ ನಿರ್ಬಂಧಗಳಿವೆ. ಊರಿಗೆ ಹೊರಟಾಗ ಸೂಟ್‌ಕೇಸಿಗಂತೂ ಹಾಕಬೇಡಿ. ಭಾರತದಲ್ಲಿ ಪೊಲೀಸ್ ವೈರ್‌ಲೆಸ್ ಕದ್ದು ಕೇಳುವುದು ಅಪರಾಧ.